ಎರಡು ಬೆರಳು ಎತ್ತರದ ಹೆಣ್ಣಿನ ಅಡಿಗೆಮನೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಸಾಹುಕಾರನ ಹೆಂಡತಿಯ ಕಾಸಿನ ಸರ ನೋಡಿ ಹೊಟ್ಟೆ ಉರಿಯಿತು ಎಂದರೆ ಕೇಳುವವರು ನಂಬುತ್ತಾರೆ. ಪಕ್ಕದ ಮನೆಯ ಫ್ರಿಜ್ಜು ನೋಡಿ ಉರಿಯಿತು ಎಂದರೂ ಪಾಪ ಎನ್ನುತ್ತಾರೆ. ಆದರೆ ನಾನು ಬೇಸಿಗೆಯ ಒಂದಿಡೀ ತಿಂಗಳು ಹೊಟ್ಟೆಕಿಚ್ಚು ಪಟ್ಟದ್ದು ಟಿವಿಯೊಳಗಿನ ಒಂದು ಹೆಣ್ಣಿನ ಮೇಲೆ. ಅದೂ ಸಿನಿಮಾದ ಹೆಣ್ಣಲ್ಲ, ಧಾರಾವಾಹಿಯ ಹೆಣ್ಣೂ ಅಲ್ಲ. ವಿಡಿಯೋ ಗೇಮಿನ ಹೆಣ್ಣು. ಚೌಕ ಚೌಕ ಚುಕ್ಕೆಗಳನ್ನು ಜೋಡಿಸಿ ಮಾಡಿದ, ನನ್ನ ಎರಡು ಬೆರಳಿನಷ್ಟು ಎತ್ತರದ ಬೊಂಬೆ. ಅವಳಿಗೆ ಹೆಸರಿರಲಿಲ್ಲ. ಮೂಗೂ ಇರಲಿಲ್ಲ. ಇದ್ದದ್ದು ಒಂದು ಕೆಂಪು ಲಂಗ ಮತ್ತು ಒಂದು ಅಡಿಗೆಮನೆ.

ನಗಬೇಡಿ. ಆ ಅಡಿಗೆಮನೆಯನ್ನು ನೋಡಿದ್ದರೆ ನಿಮಗೂ ಹಾಗೇ ಆಗುತ್ತಿತ್ತು.

ಸಂಜೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟು, ದೇವರ ಮುಂದೆ ಕುಳಿತು ಆ ದಿನ ಸಿಕ್ಕ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ಕಲಿಸಿದವಳು ತವರೂರು ತಡವಳದ ನಮ್ಮವ್ವ. ನಳಕ್ಕೆ ನೀರು ಬಂತು, ಉಪಕಾರ. ಹಾಲು ಒಡೆಯಲಿಲ್ಲ, ಉಪಕಾರ. ಸಿಲಿಂಡರು ಹಬ್ಬದ ಮರುದಿನ ಖಾಲಿಯಾಯಿತು, ಹಬ್ಬದ ದಿನವೇ ಆಗಲಿಲ್ಲ, ಇದು ದೊಡ್ಡ ಉಪಕಾರ. ಹೀಗೆ ಎಣಿಸುತ್ತ ಹೋದರೆ ಮನಸ್ಸು ತಿಳಿಯಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನನಗೂ ಆಗುತ್ತಿತ್ತು, ನನ್ನ ಪಾಲಿನವನ್ನು ಎಣಿಸುವಷ್ಟು ಹೊತ್ತು. ತೊಂದರೆ ಏನೆಂದರೆ ನನ್ನವು ಬೇಗ ಮುಗಿಯುತ್ತಿದ್ದವು. ಬತ್ತಿ ಇನ್ನೂ ಉರಿಯುತ್ತಿರುತ್ತಿತ್ತು. ಸುಮ್ಮನೆ ಕೂಡುವುದೇಕೆ ಎಂದು ಆ ತಿಂಗಳೆಲ್ಲ ಮನಸ್ಸು ಸೋಲಾಪುರಕ್ಕೆ ಹೋಗಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಶಾರದಾಳ ಪಾಲಿನವನ್ನು ಎಣಿಸತೊಡಗುತ್ತಿತ್ತು. ಅವಳಿಗೆ ಕರಿ ಕಲ್ಲಿನ ಅಡಿಗೆ ಕಟ್ಟೆ, ಉಪಕಾರ. ಮಿಕ್ಸರು, ಉಪಕಾರ. ಹೊಗೆಯನ್ನು ಹೊರಗೆ ಎಳೆಯುವ ಪಂಖಾ, ಉಪಕಾರ. ಯಾರ ಲೆಕ್ಕಕ್ಕೆ ಯಾರು ಕೈಮುಗಿಯುತ್ತಿದ್ದಾರೆ ಎಂದು ದೇವರಿಗೇ ಗೊಂದಲವಾಗಿರಬೇಕು.

ನಮ್ಮದು ಅಕ್ಕಲಕೋಟೆಯ ಹಳೆಯ ವಾಡೆಯೊಂದರ ಹಿಂಭಾಗ, ಬಾಡಿಗೆ ಮನೆ. ಮುಂದೊಂದು ಕೋಣೆ, ಹಿಂದೊಂದು ಅಡಿಗೆಮನೆ. ಅಡಿಗೆಮನೆ ಎಂದು ನಾನು ಗೌರವಕ್ಕೆ ಹೇಳುತ್ತೇನೆ. ಯಾವ ಕಾಲದಲ್ಲೋ ಎರಡು ಗೋಡೆಗಳ ನಡುವೆ ಉಳಿದುಹೋದ ಸಂದಿಗೆ ಮೇಲೆ ಮಾಡು ಹಾಕಿದ್ದರು. ಬಾಗಿಲು ತೆರೆಯಬೇಕಾದರೆ ಸಿಲಿಂಡರು ಸರಿಸಬೇಕು. ಸಿಲಿಂಡರು ಸರಿಸಬೇಕಾದರೆ ಹಿಟ್ಟಿನ ಡಬ್ಬಿ ಎತ್ತಬೇಕು. ಹಿಟ್ಟಿನ ಡಬ್ಬಿ ಇಡಲು ಜಾಗ ಬೇಕೆಂದರೆ ನಾನು ಹೊರಗೆ ಬರಬೇಕು. ಗೋಡೆ ಮಣ್ಣಿನದು. ಮೊಳೆ ಹೊಡೆದರೆ ಮೊಳೆಯ ಜತೆ ಒಂದು ಹಿಡಿ ಗೋಡೆಯೂ ಕೈಗೆ ಬರುತ್ತಿತ್ತು.

ಪುರಾಣ ಹೇಳುವವರ ಮೇಲೆ ನನ್ನದೊಂದು ತಕರಾರಿದೆ. ಕೈಲಾಸದ ಸಭೆಯನ್ನು ವರ್ಣಿಸುತ್ತಾರೆ, ಕಂಬ ಕಂಬಕ್ಕೂ ಹವಳ, ನೆಲಕ್ಕೆ ಸ್ಫಟಿಕ. ಆದರೆ ಸಾಕ್ಷಾತ್ ಶಿವನೇ ಜೋಳಿಗೆ ಹಿಡಿದು ಬಂದು ನಿಂತ ಅನ್ನಪೂರ್ಣೆಯ ಅಡಿಗೆಮನೆ ಹೇಗಿತ್ತು ಎಂದು ಒಬ್ಬರೂ ಬಾಯಿ ಬಿಟ್ಟಿಲ್ಲ. ಪಟಗಳಲ್ಲಿ ಆ ತಾಯಿ ಸೌಟು ಹಿಡಿದು ಪೀಠದ ಮೇಲೆ ಕುಳಿತಿರುತ್ತಾಳೆ. ಸೌಟು ತೂಗುಹಾಕುವ ಕೊಂಡಿ ಎಲ್ಲಿ, ಅಕ್ಕಿಯ ಮಡಕೆ ಎಲ್ಲಿ, ಉಪ್ಪು ಕೈಗೆ ನಿಲುಕುತ್ತದೋ ಇಲ್ಲವೋ, ಚಿತ್ರ ಬರೆದವನಿಗೆ ಚಿಂತೆಯಿಲ್ಲ. ಗಂಡಸರು ಬರೆದ ಪಟವಲ್ಲವೆ, ಊಟ ಬಂದರೆ ಸಾಕು.

ಇಂಥ ಸಂದಿಯಲ್ಲಿ ನಾನು ವರ್ಷಗಟ್ಟಲೆ ಸಂತೋಷವಾಗಿಯೇ ಇದ್ದೆ. ಕಾರಣ ನಮ್ಮ ಅತ್ತೆ. ಸಂಜೆ ರೊಟ್ಟಿಯ ಹೊತ್ತಿಗೆ ನಾವಿಬ್ಬರೂ ನೆಲದ ಮೇಲೆ ಎದುರುಬದುರು ಕೂಡುತ್ತಿದ್ದೆವು. ನಡುವೆ ಕೊಣಮಿಗೆ, ಅಂದರೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಅಗಲ ಹರಿವಾಣ. ಅತ್ತೆ ಬಡಿಯುವುದು, ನಾನು ಹಂಚಿನ ಮೇಲೆ ಬೇಯಿಸುವುದು. ಜೋಳದ ರೊಟ್ಟಿ ಒಬ್ಬರೇ ಮಾಡಬಹುದು, ಮಾಡುತ್ತಾರೆ ಕೂಡ. ಆದರೆ ಇಬ್ಬರು ಮಾಡಿದರೆ ಅದಕ್ಕೊಂದು ತಾಳ ಬರುತ್ತದೆ. ಆ ತಾಳದ ಮೇಲೆ ಮಾತು ಸಾಗುತ್ತದೆ. ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾರ ಸೊಸೆ ತವರಿಗೆ ಹೋದಳು, ಗುರುವಾರ ನಮ್ಮೂರ ಸ್ವಾಮಿಗಳ ಗುಡಿಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು. ನನ್ನ ಗಂಡ ಕಚೇರಿಯಲ್ಲಿ ಕಾರಕೂನ. ಇಡೀ ದಿನ ಜನರ ಮಾತು ಕೇಳಿ ಬಂದವರು ಮನೆಯಲ್ಲಿ ಮಾತಾಡುವುದಿಲ್ಲ. ಹಾಗಾಗಿ ನನ್ನ ಪಾಲಿಗೆ ಮಾತು ಎಂದರೆ ಅತ್ತೆ, ಅತ್ತೆ ಎಂದರೆ ರೊಟ್ಟಿಯ ಹೊತ್ತು.

ಅಂಥ ಅತ್ತೆ ಕಣ್ಣಿನ ಆಪರೇಶನ್ನಿಗೆಂದು ಸೋಲಾಪುರಕ್ಕೆ ಶಾರದಾಳ ಮನೆಗೆ ಹೋದರು. ಕಣ್ಣು ನೆಟ್ಟಗಾಯಿತು. ಅತ್ತೆ ಬರಲಿಲ್ಲ. ಎದುರು ಮನೆಯ ಸುಮನ್ ಮಾವಶಿಯ ಮನೆಗೆ ಫೋನು ಮಾಡಿ, "ಇನ್ನೊಂದು ಎಂಟ ದಿನಾ ಇದ್ದ ಬರ್ತೀನಿ, ಮಾದೇವಿ" ಎಂದರು. ಎಂಟು ದಿನದ ಮೇಲೆ ಮತ್ತೆ ಅದೇ ಮಾತು. ಮಾವಶಿ ಮರಾಠಿಯವರು, ಫೋನಿನ ಪಕ್ಕದಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುವವರು.

"ಕಾಯ್ ಗ, ಸಾಸೂಬಾಯಿ ಇನ್ನೂ ಬರಲಿಲ್ಲೇನ? ಸಣ್ಣ ಸೊಸಿ ಭಾರಿ ಹಚಗೊಂಡಾಳ ಬಿಡು" ಎಂದರು. "ಆಕಿದು ನವಾ ಕಿಚನ್ ಆಗೇತಂತ. ಅಂಥಾದ್ದ ಬಿಟ್ಟ ಈ ಬಿಲದಾಗ ಯಾಕ ಬರ್ತಾರ?"

ಬಿಲ ಎಂಬ ಮಾತು ನನಗೆ ನಾಟಿತು. ನೋಡುವುದು ಕಣ್ಣು, ಕೇಳುವುದು ಕಿವಿ, ಆದರೂ ನಮ್ಮ ಜನ ಈ ಕಿಚ್ಚನ್ನು ಹೊಟ್ಟೆಯಲ್ಲಿ ಯಾಕೆ ಇಟ್ಟರು ಎಂದು ಆ ದಿನ ತಿಳಿಯಿತು. ಮಾವಶಿಯ ಮನೆಯಿಂದ ನಮ್ಮ ಹೊಸ್ತಿಲಿಗೆ ಬರುವಷ್ಟರಲ್ಲಿ ಅದು ಒಲೆ ಹಚ್ಚಿದಂತೆ ಹತ್ತಿಕೊಂಡಿತ್ತು.

ಮರುದಿನವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. "ನಡೀರಿ ಅತ್ತಿ, ಮನಿಗೆ ಹೋಗೂಣು. ನೀವಿಲ್ಲದ ನನಗ ಹೊತ್ತ ಹೋಗವಲ್ದು." ಇಷ್ಟೇ. ಇಷ್ಟನ್ನು ಹೇಳಿ ಅವರ ಗಂಟು ಎತ್ತಿಕೊಂಡು ಸಂಜೆಯ ಬಸ್ಸಿಗೆ ವಾಪಸು ಬರುವುದು.

ಶಾರದಾ ಬಾಗಿಲಲ್ಲೇ ಕೈ ಹಿಡಿದಳು. "ಬಾ ಅಕ್ಕಾ, ಮೊದಲ ಅಡಿಗಿ ಮನಿ ನೋಡ ಬಾ" ಎಂದು ಒಳಗೆ ಎಳೆದೊಯ್ದಳು. ನೋಡಿದೆ. ಏನು ಹೇಳಲಿ? ಕಟ್ಟೆಯಲ್ಲಿ ನನ್ನ ಮುಖ ಕಾಣುತ್ತಿತ್ತು; ಆ ಮುಖ ಆಗ ನೋಡುವಂತಿರಲಿಲ್ಲ. ಗೋಡೆಯ ತುಂಬ ಬಿಳಿ ಬಿಲ್ಲೆ, ಬಿಲ್ಲೆಗೊಂದು ದ್ರಾಕ್ಷಿ ಗೊಂಚಲು. ಗುಂಡಿ ಒತ್ತಿದರೆ ಪಂಖಾ ಹೊಗೆಯನ್ನು ಸೆರಗು ಹಿಡಿದು ಹೊರಗೆ ಎಳೆಯುತ್ತಿತ್ತು. "ಭಾರಿ ಆಗೇತವ್ವ" ಎಂದೆ. ನಾಲಿಗೆ ಹೇಳಿತು, ನಾನು ಹೇಳಲಿಲ್ಲ.

ಅತ್ತೆ ಎಲ್ಲಿ ಎಂದರೆ ಹೊರಕೋಣೆಯಲ್ಲಿ, ಕರಿ ಕನ್ನಡಕ ಹಾಕಿಕೊಂಡು, ಟಿವಿಯ ಮುಂದೆ. ಶಾರದಾಳ ಮಗಳು ಪಲ್ಲವಿ ಅಲ್ಲಿ ಆಟ ಆಡುತ್ತಿದ್ದಳು. ಟಿವಿಗೆ ಒಂದು ಡಬ್ಬಿ ಜೋಡಿಸಿ, ಅದರ ಬಾಯಿಗೆ ಕ್ಯಾಸೆಟ್ಟು ತುರುಕಿ, ಗುಂಡಿಗಳಿದ್ದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಆಡುವ ಆಟ. ಕೆಂಪು ಲಂಗದ ಹುಡುಗಿ ಅಡವಿಯಲ್ಲಿ ಓಡುತ್ತಾಳೆ, ಅಣಬೆ, ಗಜ್ಜರಿ ಆಯುತ್ತಾಳೆ. ಮುಳ್ಳು ಹತ್ತಿದರೆ, ಹಂದಿ ಗುದ್ದಿದರೆ ಸಾಯುತ್ತಾಳೆ. ಬದುಕಿ ಉಳಿದರೆ ಗುಡಿಸಲಿಗೆ ಬರುತ್ತಾಳೆ. ಗುಡಿಸಲಿನ ಬಾಗಿಲು ತೆರೆದರೆ ಪರದೆಯ ತುಂಬ ಅವಳ ಅಡಿಗೆಮನೆ.

ನಾನು ಕುಳಿತುಬಿಟ್ಟೆ.

ಶಾರದಾಳ ಅಡಿಗೆಮನೆ ದೊಡ್ಡದು. ದೊಡ್ಡದನ್ನು ನೋಡಿ ಉರಿದರೂ ನಮ್ಮ ಹಣೆಬರಹ ಇಷ್ಟೇ ಎಂದು ಸುಮ್ಮನಾಗಬಹುದು. ಈ ಹೆಣ್ಣಿನದು ಸಣ್ಣದು. ನನ್ನ ಸಂದಿಯಷ್ಟೇ ಇಕ್ಕಟ್ಟು. ಆದರೆ ಎಷ್ಟು ಬೆಚ್ಚಗೆ, ಎಷ್ಟು ಒಪ್ಪವಾಗಿ! ನಡುವೆ ಒಲೆ, ಒಲೆಯ ಮಗ್ಗುಲಿಗೆ ಹಲಗೆಯ ಕಟ್ಟೆ. ಆ ಕಟ್ಟೆಯಿಂದಲೇ ಗಿಡಕ್ಕೆ ಕೊಂಬೆ ಒಡೆದಂತೆ ಮೇಲೆದ್ದ ಗೂಟಗಳು, ಗೂಟಗಳ ಮೇಲೆ ಸಾಲು ಸಾಲು ಹಲಗೆ, ಹಲಗೆಯ ಮೇಲೆ ಕೆಂಪು ಮಡಕೆಗಳು. ಪಾತ್ರೆಗಳೆಲ್ಲ ಕೊಂಡಿಗೆ ತೂಗಿಕೊಂಡು ನಿದ್ದೆ ಮಾಡುತ್ತಿದ್ದವು. ಅವಳು ನಿಂತಲ್ಲೇ ಒಂದು ಸುತ್ತು ತಿರುಗಿದರೆ ಎಲ್ಲವೂ ಕೈಗೆ ಬರುತ್ತಿತ್ತು. ಡಬ್ಬಿ ಸರಿಸುವುದಿಲ್ಲ, ಹೊರಗೆ ಬರುವುದಿಲ್ಲ. ಮೂಗಿಲ್ಲದ ಹೆಣ್ಣಿಗೆ ಒಗ್ಗರಣೆಯ ಘಾಟೂ ಇಲ್ಲ. ಜಾಗ ನನ್ನಷ್ಟೇ ಇದ್ದು ಸುಖ ನನಗಿಂತ ಹೆಚ್ಚಿದ್ದವಳನ್ನು ಕ್ಷಮಿಸುವುದು ಕಷ್ಟ.

ಹೊರಡುವ ಹೊತ್ತಿಗೆ ಅತ್ತೆ, "ಮತ್ತೇನ ಮಾದೇವಿ?" ಎಂದರು. ಬಾಯಿಪಾಠ ಮಾಡಿದ್ದು ಗಂಟಲಿಗೆ ಬಂತು. ಅದರ ಬೆನ್ನಿಗೇ ಕರಿ ಕಲ್ಲು, ದ್ರಾಕ್ಷಿ ಗೊಂಚಲು, ಕೆಂಪು ಮಡಕೆ ಎಲ್ಲ ಬಂದು ದಾರಿ ಕಟ್ಟಿದವು. ಹೊರಗೆ ಬಿದ್ದದ್ದು ಬೇರೆಯೇ ಮಾತು.

"ನಿಮಗ ಇಲ್ಲೇ ಆರಾಮ ಐತಿ ಬಿಡ್ರಿ."

ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಹೂಂ" ಎಂದರು. "ಹುಣ್ಣಿವಿಗೆ ಸ್ವಾಮಿಗಳ ದರ್ಶನಕ್ಕ ಎಲ್ಲಾರೂ ಬರ್ತೀವಲ್ಲ, ಆವಾಗ ನೋಡೂಣಂತ."

ಅಷ್ಟು ಸಾಕಾಯಿತು ನನಗೆ. ಹುಣ್ಣಿಮೆಯೊಳಗೆ ಆ ಬೊಂಬೆಯ ಅಡಿಗೆಮನೆ ನಮ್ಮ ಬಿಲದಲ್ಲಿ ಎದ್ದು ನಿಲ್ಲಬೇಕು. ನಿಂತರೆ ಅತ್ತೆ ಉಳಿಯುತ್ತಾರೆ, ಇಲ್ಲದಿದ್ದರೆ ಸೋಲಾಪುರದ ಕಟ್ಟೆಗೇ ಶಾಶ್ವತ. ಬಸ್ಸಿನ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಅದರ ಚಿತ್ರ ಬರೆಯುತ್ತ ಬಂದೆ. ಪಕ್ಕದಲ್ಲಿ ಕುಳಿತ ಮುದುಕಿ, ತುಳಸಿಕಟ್ಟೆ ಬರೆಯುತ್ತಿದ್ದೇನೆ ಎಂದು ತಿಳಿದು ಕೈಮುಗಿದಳು.

ಮನೆಗೆ ಬಂದು ಅಡಿಗೆಮನೆಯನ್ನು ಪೂರ್ತಿ ಖಾಲಿ ಮಾಡಿ, ನೆಲದ ಮೇಲೆ ರಂಗೋಲಿ ಪುಡಿಯಿಂದ ಅಳತೆ ಹಾಕಿದೆ. ಇಲ್ಲಿ ಒಲೆ, ಇಲ್ಲಿ ಹಲಗೆ, ಇಲ್ಲಿ ನಾನು. ನಾನು ಎಂದು ಹಾಕಿದ ಗುಂಡು ಸಣ್ಣದಾಯಿತೆಂದು ಅಳಿಸಿ ದೊಡ್ಡದು ಮಾಡಿದೆ. ಮನೆಯವರು ಬಾಗಿಲಲ್ಲಿ ನಿಂತು ನೋಡಿದರು.

"ಏನಿದು, ನಾಗರ ಪೂಜಿನ?"

"ಅಡಿಗಿ ಮನಿ ನಕಾಶಿ ರಿ."

"ಯಾವ ಇಂಜಿನಿಯರ್ ಕೊಟ್ಟಾನ?"

"ಪಲ್ಲವಿ ಆಟದಾಗ ನೋಡೀನಿ."

ಅವರು ಏನೂ ಅನ್ನದೆ ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಮಾತಾಡದ ಗಂಡ ಸಿಕ್ಕಿದ್ದನ್ನು ಆ ಸಂಜೆ ಮೊದಲ ಸಲ ಉಪಕಾರದ ಲೆಕ್ಕಕ್ಕೆ ಸೇರಿಸಿದೆ.

ಹಲಗೆ ಬಂದದ್ದು ಸೋಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಿಂದ. ಶಾರದಾಳ ಗಂಡ, ನನ್ನ ಮೈದುನ, ಅಲ್ಲಿಯ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಮಶೀನು ತುಂಬಿ ಬಂದ ಪೆಟ್ಟಿಗೆಗಳನ್ನು ಒಡೆದ ಮೇಲೆ ಉಳಿಯುವ ಹಲಗೆಗಳನ್ನು ಕೇಳಿ ತೆಗೆದುಕೊಂಡು ಟೆಂಪೋದಲ್ಲಿ ಕಳಿಸಿಕೊಟ್ಟ. ಹೊಟ್ಟೆಕಿಚ್ಚಿನ ಒಲೆಗೆ ಕಟ್ಟಿಗೆಯೂ ಶಾರದಾಳ ಮನೆಯಿಂದಲೇ ಬಂತು ಎನ್ನಿ. ತೆಳ್ಳಗಿನ, ಬಿಳಿಯ, ಕರ್ಪೂರದಂಥ ವಾಸನೆಯ ಹಲಗೆಗಳು. ಅವುಗಳ ಮೇಲೆ ಒಂದು ಬಟ್ಟಲು, ಒಂದು ಛತ್ರಿ, ಮೇಲ್ಮುಖದ ಬಾಣ ಅಚ್ಚು ಹಾಕಿತ್ತು. ಬಟ್ಟಲಿನ ಚಿತ್ರ ನೋಡಿ ಇವು ಅಡಿಗೆಮನೆಗೆಂದೇ ಹುಟ್ಟಿದ ಹಲಗೆಗಳು ಎಂದುಕೊಂಡೆ. ಒಳಗೆ ಒಡೆಯುವ ಸಾಮಾನಿದೆ, ಅಲುಗಿಸಬೇಡಿ ಎಂದು ಅದರ ಅರ್ಥವಂತೆ. ಇದು ನನಗೆ ತಿಳಿದದ್ದು ಆಮೇಲೆ.

ಬಡಿಗ ಮೌನೇಶ ನನ್ನ ರಂಗೋಲಿಯನ್ನು ತುಳಿಯದಂತೆ ಸುತ್ತ ನಡೆದು ನೋಡಿದ. "ವೈನಿ, ಟಿವ್ಯಾಗ ಸೀರಿ ನೋಡಿ ಸೀರಿ ತರೂದ ಕೇಳೀನ್ರಿ. ಆಟ ನೋಡಿ ಮನಿ ಕಟ್ಟಸೂದು ಇದೇ ಮೊದಲ" ಎಂದ.

"ಗ್ವಾಡಿಗೆ ಒಂದ ಮೊಳಿನೂ ಬಡಿಯೂ ಹಂಗಿಲ್ಲ, ಮೌನೇಶಪ್ಪ. ಮಣ್ಣಿನ ಗ್ವಾಡಿ, ಮ್ಯಾಲ ಮಾಲಕ ಕಣ್ಣ ತಗೀತಾನ. ಕಟ್ಟಿ ಮ್ಯಾಲಿಂದನ ಗೂಟ ಎಬ್ಬಸು. ಗೂಟಕ್ಕ ಹಲಗಿ. ಎಲ್ಲಾ ಒಂದಕ್ಕೊಂದು ಹಿಡಕೊಂಡ ನಿಲ್ಲಬೇಕು."

"ಆತ ಬಿಡ್ರಿ. ಒಂದ ಮೈ ಇದ್ದಂಗ ಮಾಡಿ ಕೊಡ್ತೀನಿ."

ಮಾಡಿಕೊಟ್ಟ. ಒಲೆಯ ಕೆಳಗೆ ಮಾತ್ರ ಶಹಾಬಾದ ಫರ್ಸಿ ಕಲ್ಲಿನ ಒಂದು ತುಂಡು, ಉಳಿದದ್ದೆಲ್ಲ ಹಲಗೆ. ಕೆಳಗೆ ಒಂದು ಕಡೆ ಸಿಲಿಂಡರಿಗೆ ಮನೆ, ಇನ್ನೊಂದು ಕಡೆ ಬರಿದು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಬಿಟ್ಟೆವು; ಆಟದಲ್ಲಿ ಅಲ್ಲೊಂದು ಬೆಕ್ಕು ಮಲಗಿರುತ್ತಿತ್ತು. ಹಲಗೆಗಳಿಗೆ ಹಸಿರು ಬಣ್ಣ. ಡಬ್ಬಿಗಳಿಗೆ ನಾನೇ ಕುಳಿತು ಕೆಂಪು ಬಣ್ಣ ಬಳಿದೆ. ಗೂಟಗಳಿಗೆ ಸೌಟಿಗೊಂದು, ಜರಡಿಗೊಂದು, ಇಕ್ಕಳಕ್ಕೊಂದು ಕೊಂಡಿ. ಅನ್ನಪೂರ್ಣೆಯ ಪಟಕ್ಕೆ ಎಲ್ಲಕ್ಕಿಂತ ಮೇಲಿನ ಹಲಗೆ. ತಾಯಿಗೆ ಸೌಟು ಇಡಲು ಈಗಲಾದರೂ ಒಂದು ಜಾಗವಾಯಿತಲ್ಲ ಎಂದು ಕೈಮುಗಿದೆ.

ಎಲ್ಲ ಮುಗಿದ ಮೇಲೆ ನಡುವೆ ನಿಂತು ಒಂದು ಸುತ್ತು ತಿರುಗಿದೆ. ಉಪ್ಪು ಕೈಗೆ ಬಂತು. ಸಾಸಿವೆ ಬಂತು. ಶೇಂಗಾ ಚಟ್ನಿಯ ಭರಣಿ ಬಂತು. ಇನ್ನೊಂದು ಸುತ್ತು ತಿರುಗಿದೆ. ನೋಡಲು ಬಂದ ಸುಮನ್ ಮಾವಶಿ ಬಾಗಿಲಲ್ಲೇ ನಿಂತು, "ಅಗಬಾಯಿ!" ಎಂದರು. ಅವರ ಕಣ್ಣು ಕೆಂಪು ಡಬ್ಬಿಗಳ ಮೇಲೆ ನಿಂತೇ ಇತ್ತು. ಆ ಸಂಜೆ ದೇವರ ಮುಂದೆ ಕುಳಿತಾಗ ಲೆಕ್ಕ ಸೋಲಾಪುರಕ್ಕೆ ಹೋಗಲೇ ಇಲ್ಲ. ಬತ್ತಿ ಆರುವವರೆಗೆ ನನ್ನವೇ ಇದ್ದವು.

ಆದರೆ ಆ ಅಡಿಗೆಮನೆಯಲ್ಲಿ ನಾನು ಇನ್ನೂ ಅಡಿಗೆ ಮಾಡಿರಲಿಲ್ಲ. ಹೊಸ ಒಲೆಯ ಮೇಲೆ ಮೊದಲು ಹಾಲು ಉಕ್ಕಬೇಕು, ಅದನ್ನು ಮನೆಯ ಹಿರಿಯಳು ಉಕ್ಕಿಸಬೇಕು. ಅದು ನಮ್ಮ ಪದ್ಧತಿ. ಹಿರಿಯಳು ಸೋಲಾಪುರದಲ್ಲಿ. ಅಲ್ಲಿಯವರೆಗೆ ಹೊರಗಿನ ಪಡಸಾಲೆಯಲ್ಲಿ ಸೀಮೆಎಣ್ಣೆಯ ಸ್ಟೋವಿನ ಮೇಲೆ ಬೇಯಿಸುತ್ತ, ನಡುನಡುವೆ ಒಳಗೆ ಹೋಗಿ ಒಂದು ಸುತ್ತು ತಿರುಗಿ ಬರುತ್ತಿದ್ದೆ.

ಹುಣ್ಣಿಮೆ ಬಂತು. ದರ್ಶನ ಮುಗಿಸಿ ಅತ್ತೆ, ಶಾರದಾ, ಮೈದುನ, ಪಲ್ಲವಿ ಎಲ್ಲರೂ ಬಂದರು. ಪಲ್ಲವಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಿರುಚಿದಳು: "ಅಯ್ಯ ದೊಡ್ಡವ್ವ, ಇದು ಆಟದ ಮನಿ!" ಶಾರದಾ ಹಲಗೆಗಳ ಮೇಲೆ ಕೈಯಾಡಿಸಿದಳು. ಕೊಂಡಿಗಳನ್ನು ಎಣಿಸಿದಳು. "ಚಂದ ಆಗೇತಕ್ಕಾ" ಎಂದಳು. ಅವಳ ನಾಲಿಗೆ ಹೇಳುತ್ತಿದೆಯೋ ಅವಳೇ ಹೇಳುತ್ತಿದ್ದಾಳೋ ಎಂದು ನಾನು ಮುಖ ನೋಡಿದೆ. ತುಸು ಉರಿದಂತೆ ಕಂಡಿತು. ಸುಳ್ಳು ಯಾಕೆ, ಹಾಲಿಗಿಂತ ಮೊದಲು ನಾನೇ ಉಕ್ಕಿದೆ.

ಅತ್ತೆ ಹಾಲು ಉಕ್ಕಿಸಿದರು. ಕುಂಕುಮ ಹಚ್ಚಿದರು. ನಾನು ಸೆರಗು ಬಿಗಿದು, ಶಾರದಾಳಂತೆ, ಬೊಂಬೆಯಂತೆ, ನೆಟ್ಟಗೆ ನಿಂತು ಕೊಣಮಿಗೆಯನ್ನು ಕಟ್ಟೆಯ ಮೇಲೆ ಇಟ್ಟು ಹಿಟ್ಟು ನಾದಿದೆ. ಉಂಡೆ ಮಾಡಿದೆ. ಎಲ್ಲರೂ ಬಾಗಿಲಲ್ಲಿ ನೋಡುತ್ತಿದ್ದರು. ಮೊದಲ ರೊಟ್ಟಿ ಬಡಿದೆ.

ಧಪ್.

ಮೇಲಿನ ಹಲಗೆಯ ಮೇಲೆ ಏನೋ ಕಿಣಿ ಎಂದಿತು. ಧಪ್, ಧಪ್. ಬಟ್ಟಲುಗಳು ಒಂದರ ಹಿಂದೊಂದು ಅಂಚಿನ ಕಡೆಗೆ ನಡೆಯತೊಡಗಿದವು. ಕೊಂಡಿಗಳ ಸೌಟು ಜರಡಿಗಳು ಜಾಗಟೆ ಹೊಡೆದವು. ಕೈ ನಿಲ್ಲಿಸಬೇಕಿತ್ತು. ಆದರೆ ರೊಟ್ಟಿ ಬಡಿಯುವ ಕೈ ತಾನಾಗಿ ನಿಲ್ಲುವುದಿಲ್ಲ, ರೊಟ್ಟಿ ಅಗಲವಾದ ಮೇಲೆಯೇ ನಿಲ್ಲುವುದು. ಧಪ್ ಧಪ್ ಧಪ್. ಮೌನೇಶ ಹೇಳಿದಂತೆ ಎಲ್ಲ ಒಂದೇ ಮೈ. ಕಟ್ಟೆಗೆ ಕೊಟ್ಟ ಪೆಟ್ಟು ತುದಿಯ ಹಲಗೆಯವರೆಗೂ ಮುಟ್ಟುತ್ತಿತ್ತು. ಮೊದಲು ಬಟ್ಟಲು ಹಾರಿತು, ಆಮೇಲೆ ಮುಚ್ಚಳಗಳು, ಆಮೇಲೆ ಚಟ್ನಿಯ ಭರಣಿ. ಮುಂದೆ ಬಂದ ಶಾರದಾಳ ತಲೆಯ ಮೇಲೆ ಅರಿಷಿಣದ ಕೆಂಪು ಡಬ್ಬಿ ಬೋರಲಾಗಿ ಬಿದ್ದು ಅವಳು ಅಡಿಯಿಂದ ಮುಡಿಯವರೆಗೆ ಹಳದಿಯಾದಳು. ಅನ್ನಪೂರ್ಣೆಯನ್ನು ಮೈದುನ ಗಾಳಿಯಲ್ಲೇ ಹಿಡಿದ. ಅದೊಂದು ಉಪಕಾರ.

ಅರಿಷಿಣ ಮೆಲ್ಲಗೆ ಇಳಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ತುಂಬಿತು. ಅತ್ತೆ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು.

"ಮೈಲಾರಲಿಂಗನ ಗುಡ್ಯಾಗ ಭಂಡಾರ ಹಾರಿಸಿದಂಗಾತಲ್ಲ! ಶಾರದಾ, ನಿಂತ್ಯಾಕ ನೋಡ್ತಿ, ಕೈ ಮುಗಿ."

"ಆಟದಾಗಿನ ಹುಡಿಗಿ ರೊಟ್ಟಿ ಬಡಿಯಂಗೇ ಇಲ್ಲ, ದೊಡ್ಡವ್ವ. ಆಕಿ ಬರೇ ಪಾವ್ ತಿಂತಾಳ" ಎಂದಳು ಪಲ್ಲವಿ.

ಇದನ್ನು ಒಂದು ತಿಂಗಳು ಮೊದಲೇ ಹೇಳಬಾರದಿತ್ತೆ? ಅಷ್ಟು ಚಂದದ ಅಡಿಗೆಮನೆಯಲ್ಲಿ ಒಲೆ ನೋಡಿದ್ದೆ, ಮಡಕೆ ನೋಡಿದ್ದೆ, ಬೆಕ್ಕು ನೋಡಿದ್ದೆ. ಕೊಣಮಿಗೆ ಎಲ್ಲಿ ಎಂದು ಮಾತ್ರ ನೋಡಿರಲಿಲ್ಲ. ಹುಟ್ಟಿದಾಗಿನಿಂದ ರೊಟ್ಟಿಯ ಸಪ್ಪಳ ಕೇಳಿದವಳಿಗೆ ಆ ಸಪ್ಪಳ ಇಲ್ಲದ ಅಡಿಗೆಮನೆಯೂ ಇರುತ್ತದೆಂದು ಹೊಳೆಯುವುದಾದರೂ ಹೇಗೆ?

ಅತ್ತೆ ಒಳಗೆ ಬಂದರು. ಕಟ್ಟೆಯ ಮೇಲಿನ ಕೊಣಮಿಗೆಯನ್ನು ಎತ್ತಿದರು. ಕೆಳಗೆ ಬೆಕ್ಕಿಗೆಂದು ಬರಿದು ಬಿಟ್ಟಿದ್ದ ಜಾಗದ ಮುಂದೆ ಮಣೆ ಹಾಕಿ ಕುಳಿತು, ಕಾಲನ್ನು ಆ ಗೂಡಿನೊಳಗೆ ಚಾಚಿದರು. ಅವರಿಗೆಂದೇ ಅಳೆದು ಮಾಡಿದಂತಿತ್ತು. "ನಾ ಇಲ್ಲೆ ಬಡೀತೀನಿ. ನೀ ಮ್ಯಾಲ ನಿಂತ ಬೇಸು" ಎಂದರು. ನೆಲದ ಮೇಲೆ ಧಪ್ ಧಪ್ ಶುರುವಾಯಿತು. ಮೇಲೆ ಒಂದು ಮುಚ್ಚಳವೂ ಅಲುಗಲಿಲ್ಲ. ಕೆಳಗಿನಿಂದ ರೊಟ್ಟಿ ಅಂಗೈ ಮೇಲೆ ಏರಿ ಬರುತ್ತಿತ್ತು, ನಾನು ಬಗ್ಗಿ ತೆಗೆದುಕೊಂಡು ಹಂಚಿಗೆ ಹಾಕುತ್ತಿದ್ದೆ.

ಶಾರದಾ ಮುಖ ತೊಳೆದುಕೊಂಡು ಬಂದು ಹೊಸ್ತಿಲ ಮೇಲೆ ಕುಳಿತಳು. ಕಿವಿಯ ಹಿಂದೆ ಇನ್ನೂ ಹಳದಿ ಇತ್ತು. ನಮ್ಮ ಕೈಗಳನ್ನೇ ನೋಡಿದಳು.

"ನಮ್ಮನ್ಯಾಗ ಒಂದ ದಿನಾ ಹಿಂಗ ಕೂಡಲಿಲ್ಲ ನೋಡಕ್ಕ ಅತ್ತಿ" ಎಂದಳು. "ಅಷ್ಟ ಹುರುಪಿಲೆ ಕಟ್ಟಿ ಕಟ್ಟಿಸೀನಿ. ಒಳಗ ಕಾಲ ಇಡವಲ್ಲರು. ಮಧ್ಯಾಹ್ನ ಆತಂದ್ರ ಟಿವಿ ಮುಂದ. ಪಲ್ಲವಿ ಸಾಲಿಗೆ ಹೋದ ಮ್ಯಾಲ ಇವರ ಆಡ್ತಾರ, ಗೊತ್ತೈತೇನ ನಿನಗ?"

ನನ್ನ ಕೈಯ ರೊಟ್ಟಿ ಹಂಚಿನ ಮೇಲೆ ಓರೆಯಾಗಿ ಬಿತ್ತು. "ಅತ್ತಿ? ಆಟಾ?"

"ಆಡೂದೇನು, ಆ ಹುಡಿಗಿನ್ನ ಹೊರಗ ಬಿಡೂದಿಲ್ಲ ಅಜ್ಜಿ" ಎಂದಳು ಪಲ್ಲವಿ. "ಬರೇ ಅಡಿಗಿ ಮನ್ಯಾಗ ಇಟಗೊಂಡ ಕೂಡತಾಳ. ಆಟ ಮುಂದ ಹೋಗೂದ ಇಲ್ಲ."

ಅತ್ತೆ ತಲೆ ಎತ್ತದೆ ರೊಟ್ಟಿ ತಿರುಗಿಸುತ್ತಿದ್ದರು. "ಹೊರಗ ಹೋದ್ರ ಸಾಯ್ತಾಳವ್ವ ಅದು. ಇರೂದು ಮೂರ ಜೀವ. ಒಳಗಿದ್ರ ಬೆಚ್ಚಗ ಒಲಿ ಮುಂದ ಕೂಡ್ತಾಳ" ಎಂದರು. ಆಮೇಲೆ ದನಿ ಇಳಿಸಿ, "ಶಾರದಾನ ಕಟ್ಟಿ ಚಲೋನ ಐತಿ. ನಿಲ್ಲೂ ಕಟ್ಟಿ ಅದು. ನನ್ನ ಮಣಕಾಲಿಗೆ ನಿಲ್ಲೂದ ಆಗಂಗಿಲ್ಲ. ಆಟದಾಗಿನ ಹುಡಿಗಿ ಅಡಿಗಿ ಮಾಡೂದು ಕಣ್ಣಿಲೆ ನೋಡಿದ್ರ ನನ್ನ ಕೈಗೂ ಏನೋ ಕೆಲಸ ಕೊಟ್ಟಂಗಾಗತಿತ್ತು."

"ಮತ್ತ ಮನಿಗೆ ಬರಬೇಕಿಲ್ಲ ರಿ?" ಎಂದೆ. ದನಿ ತಾನಾಗಿ ಏರಿತು. "ಎಂಟ ದಿನಾ ಎಂಟ ದಿನಾ ಅಂದ ಇಲ್ಲಿತನಾ ತಂದ್ರಿ. ಓಣ್ಯಾಗ ಮಂದಿ ಏನೇನ ಅಂದ್ರು."

ಧಪ್ ಧಪ್ ನಿಂತಿತು. ಕೆಳಗಿನಿಂದ ಆ ಹೊಸ ಕಣ್ಣು, ಆಪರೇಶನ್ ಆದ, ಎಲ್ಲವನ್ನೂ ಸ್ವಚ್ಛವಾಗಿ ನೋಡುವ ಕಣ್ಣು, ನನ್ನ ಮೇಲೆ ನಿಂತಿತು.

"ನೀ ಕರಿಯಾಕ ಬಂದೀ ಏನ, ಮಾದೇವಿ? ಬಸ್ಸ ಹತ್ತಿ ಬಂದಿ. ಅಡಿಗಿ ಮನಿ ನೋಡಿದಿ. ಟಿವಿ ನೋಡಿದಿ. 'ಇಲ್ಲೇ ಆರಾಮ ಐತಿ ಬಿಡ್ರಿ' ಅಂದಿ. ಹೋದಿ. ಇವತ್ತಿಲ್ಲ ನಾಳೆ ಕರಿಯಾಕ ಬರ್ತಿ ಅಂತ ನಾ ಮೊದಲ ಗಂಟ ಕಟ್ಟಿ ಬಾಗಲದ ಹಿಂದ ಇಟ್ಟಿದ್ದೆ. ಶಾರದಾಗ ಕೇಳು."

ಶಾರದಾ ಹೌದೆಂದು ತಲೆಯಾಡಿಸಿದಳು.

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ನಾನು ತಿರುಗಿಸಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಮಾತು ಅಷ್ಟು ದಿನ ಗಂಟಲಲ್ಲೇ ಇತ್ತು. ಹಲಗೆ ತರಿಸಿದ್ದೆ, ಬಣ್ಣ ಬಳಿದಿದ್ದೆ, ಅದನ್ನು ಮಾತ್ರ ಹೊರಗೆ ತೆಗೆದಿರಲಿಲ್ಲ.

"ನೀವಿಲ್ಲದ ನನಗ ಹೊತ್ತ ಹೋಗವಲ್ದ್ರಿ ಅತ್ತಿ" ಎಂದೆ. "ಇಲ್ಲೇ ಇರ್ರಿ."

"ಇಷ್ಟ ಅನ್ನಾಕ ಇಷ್ಟ ದೊಡ್ಡ ಕಟ್ಟಿ ಕಟ್ಟಿಸಿದೇನ?" ಎಂದು ಅತ್ತೆ ಮುಂದಿನ ಉಂಡೆ ತೆಗೆದುಕೊಂಡರು. "ರೊಟ್ಟಿ ಹೊತ್ತಾಕತ್ತೈತಿ, ಹೊಳ್ಳಿಸು."

ಅತ್ತೆ ಉಳಿದರು. ಅವರ ಗಂಟಿನ ಜತೆಗೆ ಆಟದ ಡಬ್ಬಿಯೂ ಬಂತು. ಪಲ್ಲವಿಗೆ ಪರೀಕ್ಷೆ ಮುಗಿಯುವವರೆಗೆ ಅದು ಕಣ್ಣೆದುರು ಬೇಡವೆಂದು ಶಾರದಾಳೇ ಮೈದುನನ ಕೈಯಲ್ಲಿ ಕಳಿಸಿದಳು. ಹಬ್ಬಕ್ಕೆ ಬಂದಾಗ ಅವಳೊಮ್ಮೆ ನಮ್ಮ ಕಟ್ಟೆಯ ಕೆಳಗಿನ ಗೂಡಿನ ಉದ್ದಗಲವನ್ನು ಸೆರಗಿನಿಂದ ಅಳೆಯುತ್ತಿದ್ದದ್ದನ್ನು ನೋಡಿದೆ. ಕರಿ ಕಲ್ಲನ್ನು ಎಲ್ಲಿ ಕೊರೆಸಬೇಕೆಂದು ಯೋಚಿಸುತ್ತಿದ್ದಳೋ ಏನೋ. ಕಾಣದವಳಂತೆ ಹೊರಗೆ ಬಂದೆ. ಒಬ್ಬರ ಹೊಟ್ಟೆ ಉರಿಯುವಾಗ ಇನ್ನೊಬ್ಬರು ಮಗ್ಗುಲಲ್ಲಿ ನಿಂತು ನೋಡಬಾರದು.

ಈಗ ಸಂಜೆ ರೊಟ್ಟಿಗೆ ಮೊದಲು ಅತ್ತೆ ಹೊರಕೋಣೆಯ ಟಿವಿ ಹಚ್ಚಿ, ಆ ಹುಡುಗಿಯನ್ನು ಗುಡಿಸಲೊಳಗೆ ತಂದು, ಒಲೆಯ ಮುಂದೆ ಕೂಡಿಸಿ, ಬಾಗಿಲು ಹಾಕಿ, ಗುಂಡಿಗಳ ಪಟ್ಟಿಯನ್ನು ಕೆಳಗಿಟ್ಟು ಒಳಗೆ ಬರುತ್ತಾರೆ. ನಮ್ಮದು ಕಪ್ಪು ಬಿಳಿ ಟಿವಿ. ಸೋಲಾಪುರದಲ್ಲಿ ಕೆಂಪಾಗಿದ್ದ ಅವಳ ಲಂಗ ಇಲ್ಲಿ ಬೂದಿ ಬಣ್ಣ. ಮಡಕೆಗಳೂ ಬೂದಿ, ಬೆಂಕಿಯೂ ಬೂದಿ. ಬಣ್ಣವೆಲ್ಲ ನಮ್ಮ ಹಲಗೆಗಳ ಮೇಲೆಯೇ ಇದೆ.

ಟಿವಿಯ ಮುಖ ಅಡಿಗೆಮನೆಯ ಬಾಗಿಲ ಕಡೆಗಿದೆ. ಅತ್ತೆ ಕೆಳಗೆ ಬಡಿಯುತ್ತಾರೆ, ನಾನು ಮೇಲೆ ಬೇಯಿಸುತ್ತೇನೆ, ಓಣಿಯ ಸುದ್ದಿ ಮೇಲೆ ಕೆಳಗೆ ಓಡಾಡುತ್ತದೆ. ನಡುವೆ ಎಂದಾದರೂ ತಲೆ ಎತ್ತಿದರೆ ಅವಳು ತನ್ನ ಒಪ್ಪವಾದ ಅಡಿಗೆಮನೆಯಲ್ಲಿ, ಎಲ್ಲವೂ ಕೈಗೆ ನಿಲುಕುವಂತೆ ಇಟ್ಟುಕೊಂಡು, ಒಬ್ಬಳೇ ಕುಳಿತಿರುತ್ತಾಳೆ. ರೊಟ್ಟಿ ಕೊಡುವವರಿಲ್ಲ, ಇಸಿದುಕೊಳ್ಳುವವರಿಲ್ಲ. ಯಾರ ಸೊಸೆ ತವರಿಗೆ ಹೋದಳೆಂದು ಹೇಳುವವರೂ ಇಲ್ಲ. ಮೂಗಿಲ್ಲದ ಆ ಮುಖ, ಎರಡು ಚುಕ್ಕೆಯ ಆ ಕಣ್ಣು, ನಮ್ಮ ಕಡೆಗೇ ನೆಟ್ಟಿರುತ್ತದೆ.

ಮೊನ್ನೆ ಅತ್ತೆಗೆ ತೋರಿಸಿದೆ. "ನೋಡ್ರಿ, ಹೆಂಗ ನೋಡಾಕತ್ತಾಳ."

ಅತ್ತೆ ಹಿಟ್ಟಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. "ಪಾಪ, ಹೊಟ್ಟಿಕಿಚ್ಚವ್ವ" ಎಂದು, ಒಂದು ರೊಟ್ಟಿಯನ್ನು ನನ್ನ ಕೈಗೆ ಏರಿಸಿದರು.